ಬೇಸ್ ಬಾರಿಸ್ತೀನಿ ಅಂದವನು

ಗಾಜು ನಡುಗುತ್ತಿದೆ, ಕಿಟಕಿಯ ಗಾಜು, ಹಾತಕಣಂಗಲೆ ದಾಟಿ ಎಸ್‌ಟಿ ಬಸ್ಸು ವೇಗ ಹಿಡಿದಾಗಲೆಲ್ಲ ಗುಂಯ್ ಎಂದು ಒಂದೇ ದಪ್ಪ ಸ್ವರ, ಬೆರಳಿಟ್ಟು ನೋಡಿದೆ, ನನ್ನ ಗಿಟಾರಿನ ಮೂರನೆಯ ತಂತಿಯನ್ನು ಒತ್ತದೆ ಹಾಗೇ ಮೀಟಿದರೆ ಬರುವ ಸ್ವರ ಇದೇ, ಅಂದರೆ ಈ ಬಸ್ಸು ಹುಟ್ಟಿದಾಗಿನಿಂದ ಬೇಸ್ ಬಾರಿಸುತ್ತಲೇ ಇದೆ, ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ, ಕೊಲ್ಹಾಪುರದಿಂದ ಇಚಲಕರಂಜಿಗೆ, ಹತ್ತಿದವರು ಇಳಿದವರು ಯಾರೂ ಕೇಳಿಲ್ಲ, ಪಾಪ, ನನ್ನ ಹಾಗೆಯೇ — ಪಕ್ಕದಲ್ಲಿ ಅವ್ವ, ಚಪ್ಪಲಿ ಬಿಟ್ಟು ಬರಿಗಾಲನ್ನು ಬಸ್ಸಿನ ತಗಡಿನ ಮೇಲೆ ಊರಿ ಕೂತಿದ್ದಾಳೆ, ಎಡಗಾಲಿನ ಎರಡನೇ ಬೆರಳಿನ ಬುಡದಲ್ಲಿ ಕಾಲುಂಗುರ ತೆಗೆದ ಜಾಗದ ಬಿಳಿ ಪಟ್ಟಿ, ಆರು ವರ್ಷವಾಯಿತು ಅಪ್ಪ ಹೋಗಿ, ಪಟ್ಟಿ ಇನ್ನೂ ಬಿಸಿಲು ಕುಡಿದು ಉಳಿದ ಚರ್ಮದ ಬಣ್ಣಕ್ಕೆ ತಿರುಗಿಲ್ಲ, ಆ ಬೆರಳು ಸುಮ್ಮನಿದೆ, ನಾನು ಅದನ್ನೇ ನೋಡುತ್ತಿದ್ದೇನೆ. ಹೆಂಡತಿ ಶೀತಲ ಮಗಳನ್ನು ಕರಕೊಂಡು ತವರಿಗೆ ಆಜರಾಕ್ಕೆ ಹೋಗಿರದಿದ್ದರೆ ಅವ್ವ ಇವತ್ತು ನನ್ನ ಸಂಗಡ ಕೊಲ್ಹಾಪುರದ ಕೂಟಕ್ಕೆ ಬರುತ್ತಲೇ ಇರಲಿಲ್ಲ, ಒಬ್ಬಾಕೀನ ಮನ್ಯಾಗ ಏನ ಮಾಡ್ಲಿ, ನಾನೂ ಬರ್ತೀನಿ, ಅಂಬಾಬಾಯಿ ದರ್ಶನರ ಆಗತೈತಿ ಅಂದಳು, ಆಗಲಿ ಯವ್ವಾ ಅಂದೆ, ಅಂದ ಕೂಡಲೇ ಹಬ್ಬದ ದಿನ ಬೆಳಿಗ್ಗೆ ಎಚ್ಚರವಾದ ಹಾಗಾಯಿತು, ಯಾಕೆಂದರೆ ಇಪ್ಪತ್ತೆರಡು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ನಿಂತಿದ್ದೇನೆ, ನಾನು ಬಾರಿಸುವುದನ್ನು ಈಕೆ ಒಂದು ಸಲವೂ ಕಿವಿಯಾರೆ ಕೇಳಿಲ್ಲ, ಈಗ ಕಿವಿ ಮುಚ್ಚುತ್ತ ಬಂದಿದೆ, ಇವತ್ತು ಕೇಳಿಸದಿದ್ದರೆ ಮುಂದೆ ಯಾವತ್ತು.

ಕಿವಿ ಮುಚ್ಚಿದ್ದು ಒಂದೇ ದಿನಕ್ಕಲ್ಲ, ಮೂವತ್ತು ವರ್ಷ ಪವರ್‌ಲೂಮಿನಲ್ಲಿ ಕಾಂಡಿಗೆ, ಮಗ್ಗದ ಸಣ್ಣ ಉರುಳೆಗೆ, ನೂಲು ಸುತ್ತಿದವಳು, ಇಪ್ಪತ್ತನಾಲ್ಕು ಮಗ್ಗಗಳ ಖಟಖಟದೊಳಗೆ ಕೂತು, ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ, ಎಲ್ಲರೂ ತುಟಿ ನೋಡಿ ಮಾತು ತಿಳಿಯುತ್ತಾರೆ, ನಾನೂ ಹಾಗೇ, ಜಾಬರ್ ಕೆಲಸ ನನ್ನದು, ಮಗ್ಗ ಕೆಟ್ಟರೆ ರಿಪೇರಿ, ಆ ಕಡೆಯ ಸಾಲಿನಿಂದ ಯಾರಾದರೂ ತುಟಿ ಅಲ್ಲಾಡಿಸಿದರೆ ಸಾಕು ನಟ್ಟು ತಿರುಗಿಸುವ ಪಾನಾ ಹಿಡಿದು ಹೊರಡುತ್ತೇನೆ. ಡಾಕ್ಟರ್ ಹೇಳಿದರು, ಸಣ್ಣ ದನಿ ಎಲ್ಲಾ ಹೋಗ್ಯಾವ, ದಪ್ಪ ದನಿ ಒಂದಿಷ್ಟ ಉಳದಾವ, ಮಷೀನ್ ಹಾಕ್ಕೊಳ್ರಿ ಆಜಿ, ಅವ್ವ ಎರಡು ದಿನ ಹಾಕಿ ಮೂರನೇ ದಿನ ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು, ಕಿವ್ಯಾಗ ಜೀರುಂಡಿ ಕೂಡಿಸ್ಯಾರ ಮಂದಿ, ಒಲ್ಲೆ. ಕುಕ್ಕರಿನ ಸೀಟಿ ಕೇಳಿಸುವುದಿಲ್ಲ, ಮೊಬೈಲು ಕೇಳಿಸುವುದಿಲ್ಲ, ಮೊಮ್ಮಗಳು ಪ್ರಣಾಲಿ ಕಿವಿಯ ಹತ್ತಿರ ಬಂದು ಕಿರುಚಿದರೂ ಇಲ್ಲ, ಆದರೆ ಕಬ್ಬಿನ ಟ್ರ್ಯಾಕ್ಟರ್ ಗಲ್ಲಿಗೆ ತಿರುಗಿದರೆ ಎಲ್ಲರಿಗಿಂತ ಮೊದಲು ಬಂತ ನೋಡ ಅನ್ನುತ್ತಾಳೆ, ಸಣ್ಣ ದನಿ ಹೋಗ್ಯಾವ, ದಪ್ಪ ದನಿ ಉಳದಾವ, ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಈ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ, ದುಃಖದ ಮಾತೇ ಹೌದು, ಆದರೆ ಅದರ ತಳದಲ್ಲಿ ನನ್ನ ಹೆಸರು ಬರೆದ ಹಾಗಿತ್ತು.

ಶಿರೋಲಿಯ ಸೇತುವೆ, ಕೆಳಗೆ ಪಂಚಗಂಗೆ, ಅವ್ವ ನೀರು ಕಂಡು ಕೈಮುಗಿಯುತ್ತಾಳೆ, ತುಟಿ ಅಲ್ಲಾಡುತ್ತದೆ, ಅಪ್ಪನ ಪದ್ಯವೇ ಇರಬೇಕು. ಅಪ್ಪ, ಮಾಯಪ್ಪ, ಅಥಣಿ ಕಡೆಯಿಂದ ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಊರ ಮಠದಲ್ಲಿ ಕಲಿತ ಪದ್ಯಗಳು, ಬೆಳಗಿನ ಪಾಳಿಗೆ ಹೊರಡುವ ಮೊದಲು ವಿಭೂತಿ ಹಚ್ಚಿ ಗೋಡೆಗೆ ಬೆನ್ನು ಕೊಟ್ಟು ಹೇಳುತ್ತಿದ್ದ, ಹಾಡುತ್ತಿರಲಿಲ್ಲ, ಪದ್ಯ ಹೇಳೂದು ಹಾಡೂದಲ್ಲ, ಹಾಡಿದ್ರ ನಿನ್ನ ದನಿ ಕೇಳತೈತಿ, ಹೇಳಿದ್ರ ಪದ್ಯ ಕೇಳತೈತಿ ಅನ್ನುತ್ತಿದ್ದ, ನಾನು ಕೌದಿಯೊಳಗೆ ಮುಖ ಹುದುಗಿಸಿ ಎಚ್ಚರವಾಗಿಯೇ ಮಲಗಿರುತ್ತಿದ್ದೆ, ಕೇಳುವುದಕ್ಕಾಗಿ. ಸಾಲು ಏರುತ್ತದೆ, ಒಂದು ಮೆಟ್ಟಿಲು, ಎರಡು, ಮೂರು, ತಿರುಗಿ ಇಳಿಯುತ್ತದೆ, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಅಪ್ಪ ನಿಲ್ಲಿಸಿಬಿಡುತ್ತಾನೆ, ಕೊನೆಯ ಶಬ್ದ ಅವನದಲ್ಲ, ಅದು ಅಡುಗೆಮನೆಯಿಂದ ಬರಬೇಕು, ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ, ಅವ್ವ ತಗ್ಗಿದ ದನಿಯಲ್ಲಿ ಒಡೆಯಾ ಅನ್ನುತ್ತಾಳೆ, ಅದೇ ಕ್ಷಣ ಕಾಲ್ಬೆರಳು ಎದ್ದು ನೆಲದ ಫರ್ಸಿಕಲ್ಲಿನ ಮೇಲೆ ಬೀಳುತ್ತದೆ, ಕಾಲುಂಗುರ, ಟಕ್. ಆಮೇಲೆ ರೊಟ್ಟಿ, ಆಮೇಲೆ ಮುಂದಿನ ಸಾಲು. ಆಕೆ ಇಡೀ ಪದ್ಯ ಎಂದೂ ಗಟ್ಟಿಯಾಗಿ ಹೇಳಿದವಳಲ್ಲ, ಬರೀ ಕೊನೆಯ ಶಬ್ದ, ಆದರೆ ಜ್ವರ ಬಂದು ಆಕೆ ಮಲಗಿದ ದಿನ ಅಪ್ಪ ಸಾಲು ಹೇಳಿ ನಿಲ್ಲಿಸಿ, ಯಾರೂ ಹಿಡಿದುಕೊಳ್ಳದೆ, ಪದ್ಯ ಗಾಳಿಯಲ್ಲಿ ನೇತಾಡಿ, ಅಪ್ಪ ನಾಲ್ಕನೇ ಸಾಲಿಗೇ ಎದ್ದು ಪಾಳಿಗೆ ಹೋದ.

ಅಪ್ಪ ಒಂದೇ ಸಲ ಬಂದಿದ್ದ ನನ್ನ ಕಾರ್ಯಕ್ರಮಕ್ಕೆ, ಗಣಪತಿ ಮಂಡಳದ ಆರ್ಕೆಸ್ಟ್ರಾ, ಆಗಷ್ಟೇ ಸೇರಿದ್ದೆ, ಬೇಸಿನವನು ಪುಣೆಗೆ ಹೋಗಿಬಿಟ್ಟ, ಜಾಬರನ ಕೈ ಐತಿ, ಬೆರಳ ಉದ್ದ ಅದಾವ, ನೀ ನಿಲ್ಲೋ ನಿಲೇಶ ಅಂದಿದ್ದರು. ಅಪ್ಪ ಸ್ಪೀಕರಿನ ಹತ್ತಿರವೇ ಒಂದು ತಾಸು ಕೈಕಟ್ಟಿ ನಿಂತ, ಮುಗಿದ ಮೇಲೆ ನಡೆದುಕೊಂಡು ಬರುವಾಗ, ಎಲ್ಲಾರದೂ ಕೇಳಿಸ್ತು ನಿಲ್ಯಾ, ನಿನ್ನದೊಂದ ಕೇಳಲಿಲ್ಲ ನೋಡಪಾ ಅಂದ, ಬೈಗುಳವಲ್ಲ, ಹುಡುಕಿ ಸಿಗದ ಬೇಸರ. ಅವ್ವನೂ ಕೇಳಿದ್ದಳು ಆ ವಾರವೇ, ಎಲ್ಲಾರೂ ಕೇಳಾಕತ್ತಾರ, ನೀ ಅಲ್ಲಿ ಏನ ಬಾರಸ್ತಿ, ನಾನು ಬೇಸ್ ಬಾರಸ್ತೀನಿ ಯವ್ವಾ ಅಂದೆ, ಆಕೆ ನನ್ನ ತುಟಿ ನೋಡಿದಳು, ಮುಖ ನೋಡಿದಳು, ಒಳಗೆ ಹೋದಳು, ಮರುದಿನ ಹಣೆಗೆ ವಿಭೂತಿ ಹಚ್ಚುವಾಗ ಹೆಬ್ಬೆರಳನ್ನು ಸ್ವಲ್ಪ ಹೆಚ್ಚೇ ಒತ್ತಿದಳು. ಆಮೇಲೂ ಎಷ್ಟೋ ಸಲ, ಬೀಗರು ಬಂದಾಗ, ಪ್ರಣಾಲಿಯ ಹೆಸರಿಡುವ ದಿನ, ಏನ ಬಾರಸ್ತೀಯಪಾ ಅಂತ ಯಾರೋ ಕೇಳುವುದು, ಬೇಸ್ ಅಂತ ನಾನು ಹೇಳುವುದು, ಅವ್ವನ ಮುಖ ಸಣ್ಣದಾಗುವುದು. ಮೊದಲ ಸಲ ಕೇಳಿದ ಆ ವಾರದಿಂದಲೇ ಸೋಮವಾರ ತಪ್ಪಿಸದೆ ಮಠಕ್ಕೆ ಹೋಗುತ್ತಾಳೆ, ಏನ ಬೇಡ್ಕೋತಿ ಯವ್ವಾ ಅಂದರೆ, ನಿನ್ನ ಸಲುವಾಗೇ, ಅಷ್ಟೇ.

ದರ್ಶನ ಚೆನ್ನಾಗಿ ಆಯಿತು, ಅಂಬಾಬಾಯಿಯ ಮುಖ ಪೂರ್ತಿ ಕಂಡಿತು, ಅವ್ವನ ಸೆರಗಿನಲ್ಲಿ ಈಗ ಅರಿಶಿನ ಕುಂಕುಮದ ಪೊಟ್ಟಣ, ಮಿಸಳ ತಿಂದು ಇಬ್ಬರ ಮೂಗೂ ಸುರಿಯುತ್ತಿದೆ, ಇನ್ನೊಂದ ಕಟ ಹಾಕ್ರಿ ಅಂತ ಎರಡು ಸಲ ಖಾರದ ರಸ ಹಾಕಿಸಿಕೊಂಡವಳು ಆಕೆ, ನಾನಲ್ಲ, ನಗುತ್ತಲೇ ಬೆಲ್ಲದ ಪೇಟೆಗೆ ಬಂದೆವು, ಭಾವುಸಾಹೇಬ ಕಾಕಾರ ಮನೆ, ಕೆಳಗೆ ಬೆಲ್ಲದ ಅಂಗಡಿ, ಮೇಲೆ ಮರದ ಹಲಗೆಯ ಮಹಡಿ, ಇಡೀ ಮನೆಗೆ ಕಾಯಿಸಿದ ಕಬ್ಬಿನ ವಾಸನೆ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಹಾಗಾಗಿ ನಮ್ಮ ಕೂಟ ಹಗಲಿನದು, ವರ್ಷಕ್ಕೆರಡು ಸಲ ನಾವು ಬೇಸಿನವರು ಮಾತ್ರ, ಹಾಡುವವರಿಗೆ ಪ್ರವೇಶವಿಲ್ಲ, ಕೀಬೋರ್ಡಿನವರಿಗಂತೂ ಇಲ್ಲವೇ ಇಲ್ಲ, ಒಬ್ಬೊಬ್ಬರು ಮೆಚ್ಚಿನ ಒಂದು ರೆಕಾರ್ಡು ಹಾಕಬೇಕು, ಒಂದು ಪ್ರಸಂಗ ಹೇಳಬೇಕು, ನಾನು ಆರು ಕೂಟಗಳಿಂದ ಕೇಳಿಸಿಕೊಂಡೇ ಎದ್ದು ಬಂದವನು, ಈ ಸಲ ಕಾಕಾ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ, ನಿಲೇಶ, ಈ ಸಲ ಮೂಕ ಬಸವಣ್ಣನಂಗ ಕೂತ್ರ ಮಾಣಿಕಬಾಯಿ ಚಾ ಕೊಡಂಗಿಲ್ಲ. ಈಗ ಅದೇ ಮಾಣಿಕಬಾಯಿ, ಕಾಕಾರ ಹೆಂಡತಿ, ಅವ್ವನ ಕೈಹಿಡಿದು, ಯಾ ಬಸಾ, ಖುರ್ಚಿ ಘ್ಯಾ, ಬನ್ನಿ ಕೂತುಕೊಳ್ಳಿ ಅಂತ ಮರಾಠಿಯಲ್ಲಿ ಅನ್ನುತ್ತಿದ್ದಾರೆ, ಅವ್ವ ಖುರ್ಚಿಯಲ್ಲಿ ಕೂತು ಬರಿಗಾಲನ್ನು ಹಲಗೆಗೆ ಊರಿದಳು, ಬೆರಳು, ಬಿಳಿ ಪಟ್ಟಿ, ಸುಮ್ಮನೆ.

ಮೊದಲಿಗೆ ಎಂದಿನಂತೆ ದುಂಡಪ್ಪ. ಕಾಕಾ ಎಪ್ಪತ್ತರ ಆಚೆಯವರು, ಒಂದು ಕಾಲಕ್ಕೆ ಕೊಲ್ಹಾಪುರದ ಮೂರು ಆರ್ಕೆಸ್ಟ್ರಾಗಳಿಗೆ ಬೇಸ್ ಬಾರಿಸಿದವರು, ಅವರ ಜೀವದ ರೆಕಾರ್ಡು ಒಂದಿದೆ, ಹಳೆಯದು, ಅಂಚು ಒಡೆದದ್ದು, ಮೇಲಿನ ಕಾಗದದಲ್ಲಿ ಹಾಡಿದವರ ಹೆಸರಿದೆ, ಬರೆದವರ ಹೆಸರಿದೆ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಇದೆ, ಬೇಸಿನವನದಿಲ್ಲ, ಅದಕ್ಕೆ ಕಾಕಾ ತಾವೇ ಹೆಸರಿಟ್ಟರು, ಅವನ ಸೂರ ಕೇಳ್ರಿ, ಹೆಂಗ ದುಂಡಗ ಅದ, ಮೂಲಿನ ಇಲ್ಲ ಅದಕ್ಕ, ಇಂಥವಗ ದುಂಡಪ್ಪ ಅನ್ನದ ಮತ್ತೇನ ಅನ್ನಬೇಕು. ವೃಷಾಲಿ ಹೊಸದಾಗಿ ಸೇರಿದಾಗ, ಬ್ಯಾಂಕಿನಲ್ಲಿ ಕೆಲಸ ಆ ಹುಡುಗಿಗೆ, ಬೇಸ್ ಕಲಿತದ್ದು ಮೊಬೈಲ್ ನೋಡಿ, ಒಂದು ವಾರವಿಡೀ ದುಂಡಪ್ಪನನ್ನು ಮೊಬೈಲಿನಲ್ಲಿ ಹುಡುಕಿ, ಕಾಕಾ, ದುಂಡಪ್ಪ ಅಂತ ಹುಡಕಿದ್ರ ಹಲಕರ್ಣಿಯ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಸಿಗತಾನ ನೋಡ್ರಿ, ಅವನೇನ್ರಿ ಅಂದಿದ್ದಳು, ಅವತ್ತು ಕಾಕಾ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಇರಬಹುದವಾ, ಯಾರಿಗೆ ಗೊತ್ತು, ಒಮ್ಮೆ ಫೋನ್ ಹಚ್ಚಿ ಕೇಳ. ಸೂಜಿ ಇಳಿಯಿತು, ಕರಕರ, ಮಳೆ ಬಿದ್ದ ಹಾಗೆ, ಆಮೇಲೆ ಹಾಡಿನ ಕೆಳಗೆ ಅವನು, ದುಂಡಪ್ಪ, ಹೊಲದ ಬದುವಿನ ಮೇಲೆ ಕೈಬೀಸಿಕೊಂಡು ನಡೆವವನ ಹಾಗೆ, ಯಾರಿಗೂ ಅಡ್ಡ ಬಾರದೆ, ಎರಡನೇ ನುಡಿ ಮುಗಿಯುವಲ್ಲಿ ಒಂದು ಸ್ವರವನ್ನು ಇಟ್ಟು ಕೈ ತೆಗೆಯುತ್ತಾನಲ್ಲ, ನಾವು ನಾಲ್ವರೂ ಅಲ್ಲಿಗೆ ಬಂದಾಗ ಒಟ್ಟಿಗೆ ತಲೆ ತಗ್ಗಿಸುತ್ತೇವೆ, ಬಸದಿಯಲ್ಲಿ ತಗ್ಗಿಸಿದ ಹಾಗೆ. ಅವ್ವನತ್ತ ನೋಡಿದೆ, ಆಕೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಾಳೆ, ರೆಕಾರ್ಡಿನ ಸ್ಪೀಕರ್ ಡಬ್ಬಿ ಸಣ್ಣದು, ಮೇಜಿನ ಮೇಲಿದೆ, ಆಕೆಯ ತನಕ ದುಂಡಪ್ಪ ಬರುವುದಿಲ್ಲ.

ವೃಷಾಲಿ ತನ್ನದು ಹಾಕಿದಳು, ಹೊರದೇಶದ ಯಾವುದೋ ಹೆಂಗಸು ಬಾರಿಸಿದ್ದು, ಐದು ತಂತಿಯದು, ಕೇಳುತ್ತಿದ್ದರೆ ಹೊಟ್ಟೆಯೊಳಗೆ ಮೆಟ್ಟಿಲಿಳಿದ ಹಾಗಾಗುತ್ತದೆ, ಕಾಕಾ ಐದ ಯಾಕವಾ, ನನಗ ನಾಲ್ಕರೊಳಗ ಒಂದ ಹೆಚ್ಚಾಗೈತಿ ಅಂದರು, ಅಷ್ಟಕ್ಕೇ ಕಾಯುತ್ತಿದ್ದ ಹಾಗೆ ಅವಿನಾಶ ಎದ್ದ, ಗಡಹಿಂಗ್ಲಜದ ಶಾಲಾ ಮಾಸ್ತರ, ನನ್ನ ಓರಗೆಯವನು, ತಂತಿ ಅಂದ್ರ ನೆನಪಾತ ನೋಡ್ರಿ, ನಮ್ಮೂರ ಮದಿವ್ಯಾಗ, ನಿಲ್ಯಾ ಇದ್ದ ನನ್ನ ಸಂಗಾಟ, ಕೇಳ್ರಿ ಅವನ್ನ, ಕೇಳಿದ್ರೂ ಹೇಳಂಗಿಲ್ಲ ಬಿಡ್ರಿ. ಹೌದು, ನಾನಿದ್ದೆ, ಒದ್ದೆ ಶಾಮಿಯಾನ, ಕರೆಂಟು ಹೋಗಿ ಬಂದು ಕೀಬೋರ್ಡಿನ ಅಡಾಪ್ಟರ್ ಸುಟ್ಟು ಹೊಗೆ, ಹಾಡುವವನು ಮೈಕು ಕೆಳಗಿಟ್ಟು ಜಾಗ ಖಾಲಿ ಮಾಡಿದ, ಉಳಿದದ್ದು ಒಂದು ಢೋಲಕಿ ಮತ್ತು ನಾವಿಬ್ಬರು, ಅವಿನಾಶನ ಕೈಗೆ ಗಾಯವಾಗಿತ್ತು ಅಂತ ಗಿಟಾರು ನನ್ನ ಕೈಯಲ್ಲಿ, ಏನು ಮಾಡಬೇಕು ತಿಳಿಯದೆ ಸುಮ್ಮನೆ ಒಂದು ಸಾಲು ಹಿಡಿದು ಬಾರಿಸುತ್ತ ನಿಂತೆ, ಮದುವೆ ಮಂದಿ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಮದುಮಗನ ಅತ್ತೆ ಕುಣಿದಳು, ಆಮೇಲೆ ಇಡೀ ಶಾಮಿಯಾನ, ಹಾಡಿಲ್ಲ, ಮಾತಿಲ್ಲ, ಬರೀ ದಪ್ಪ ದನಿ, ಹನ್ನೊಂದು ನಿಮಿಷ, ನನ್ನ ಆಯುಷ್ಯದಲ್ಲಿ ಮಂದಿ ನನ್ನನ್ನು ಕೇಳಿದ ಹನ್ನೊಂದು ನಿಮಿಷ. ಮುಗದ ಮ್ಯಾಲೆ ಹೆಣ್ಣಿನ ಕಾಕಾ ಬಂದಾನ್ರಿ, ಅವಿನಾಶ ಈಗ ಆತನ ಹಾಗೆ ಮೀಸೆ ತಿರುವುತ್ತಿದ್ದಾನೆ, ಭಾರಿ ಬಾರಿಸಿದ್ರಿ ಸಾಹೇಬ್ರ, ಆದ್ರ ಗಿಟಾರ್‌ದಾಗ ಎರಡ ತಂತಿ ಹರದಾವ, ನಾಲ್ಕ ಉಳದಾವ, ಮುಂದಿನ ಸಲ ಪೂರಾ ಹಾಕ್ಸಿಕೊಂಡ ಬರ್ರಿ. ಬೇಸಿಗೆ ಇರುವುದೇ ನಾಲ್ಕು ತಂತಿ, ಮಹಡಿಯ ಹಲಗೆಯೆಲ್ಲ ನಗೆಗೆ ಅದುರಿತು, ನಾನೂ ನಗುತ್ತಿದ್ದೇನೆ, ಎಷ್ಟನೇ ಸಲ ಕೇಳುತ್ತಿರುವುದು ಇದನ್ನು, ಅವ್ವ ನಮ್ಮ ಮುಖಗಳನ್ನು ನೋಡಿ ತಾನೂ ನಕ್ಕಳು, ಯಾಕೆಂದು ತಿಳಿಯದೆಯೇ, ಕಾಲ ಕೆಳಗಿನ ಹಲಗೆಯನ್ನೊಮ್ಮೆ ಬಗ್ಗಿ ನೋಡಿದಳು.

ಈಗ ನನ್ನ ಸರದಿ, ಮೊಬೈಲಿನಲ್ಲಿ ಒಂದು ತುಣುಕು ತಂದಿದ್ದೇನೆ, ಆರ್ಕೆಸ್ಟ್ರಾದ್ದು, ಹಾಡು ಕೇಳಿಸುತ್ತದೆ, ಶಿಳ್ಳೆ ಕೇಳಿಸುತ್ತದೆ, ನಾನು ಇಲ್ಲ, ಇದನ್ನು ಹಾಕಿ ಏನು ಹೇಳಲಿ, ಕಾಕಾಗೆ ತಿಳಿಯಿತು, ಖುರ್ಚಿ ಎಳೆದುಕೊಂಡು ಅವ್ವನ ಎದುರು ಕೂತು, ತುಟಿ ಬಿಡಿಸಿ ಬಿಡಿಸಿ, ತಂಗೆವ್ವಾರ, ನಿಮ್ಮ ಮಗ ಇಲ್ಲಿ ಮಾತ ಆಡಂಗಿಲ್ಲ, ಮನ್ಯಾಗರ ಆಡತಾನೇನ್ರಿ. ಅವ್ವ ಸೆರಗು ಸರಿ ಮಾಡಿಕೊಂಡಳು, ನನ್ನ ಕಡೆ ನೋಡಿದಳು, ಇವತ್ತು ದರ್ಶನದ ಧೈರ್ಯ ಇರಬೇಕು, ಆಡಂಗಿಲ್ರಿ, ಭಾಳ ಶಾಣ್ಯಾ ಅದಾನ, ದೇವ್ರಂಥಾ ಮಗ, ಆದ್ರ ಒಂದ ಮಾತ ಆಡತಾನ್ರಿ, ಅದ ನನಗ ಸೇರಂಗಿಲ್ಲ. ಯಾವುದ್ರಿ ಅಂದರು ಕಾಕಾ. ಏನ ಬಾರಸ್ತೀಯೋ ಅಂದ್ರ ಬೇಸ್ ಬಾರಸ್ತೀನಿ ಅಂತಾನ್ರಿ, ಇಪ್ಪತ್ತೆರಡ ವರ್ಷ ಆತು, ಬೀಗರ ಮುಂದೂ ಹಂಗ ಅಂದ, ಚಲೋ ಬಾರಿಸಿದ್ರ ಮಂದಿ ಅನ್ನಬೇಕ್ರಿ ಬೇಸ್, ಭೇಷ್ ಅಂತ, ತನಗ ತಾನ ಬೇಸ್ ಅನ್ಕೊಂಡ್ರ ಹೆಂಗ, ಅವರಪ್ಪ ಅಷ್ಟ ಪದ್ಯ ಹೇಳಿದ, ಒಂದ ದಿನ ಅಂದಾವಲ್ಲ, ಸೋಮವಾರಕ್ಕೊಮ್ಮೆ ಮಠಕ್ಕ ಹೋಗಿ ಬೇಡ್ಕೋತೀನ್ರಿ, ನನ್ನ ಮಗನ ಸೊಕ್ಕ ಇಳಸಪಾ ಅಂತ. ಅವಿನಾಶನ ಮೂಗಿನಿಂದ ಚಹಾ ಬಂತು, ವೃಷಾಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಕಾಕಾ ಮಾತ್ರ ನಗದೆ, ಹೇಗೋ ತಡೆದುಕೊಂಡು, ತಂಗೆವ್ವಾರ, ಹಂಗಾದ್ರ ಇಲ್ಲಿ ಕೂತವರೆಲ್ಲಾ ಸೊಕ್ಕಿನವರ, ನಾನೂ ಬೇಸ್ ಬಾರಸ್ತೀನ್ರಿ, ಮಾಸ್ತರೂ ಬೇಸ್ ಬಾರಸ್ತಾರ, ಈ ಹುಡುಗಿನೂ ಬೇಸ್ ಬಾರಸ್ತಾಳ, ಅವ್ವ ಒಬ್ಬೊಬ್ಬರನ್ನೇ ನೋಡಿ, ಅಯ್ಯ, ಸಂಘಾನ ಮಾಡ್ಕೊಂಡಾರ.

ನಾನು ಎದ್ದು ಹೋಗಿ ಆಕೆಯ ಕಾಲ ಹತ್ತಿರ ನೆಲದ ಮೇಲೆ ಕೂತೆ, ತಗ್ಗಿಸಿ, ಎದೆಯಿಂದ, ಆಕೆಗೆ ಕೇಳುವ ದನಿಯಲ್ಲಿ, ಯವ್ವಾ, ಬೇಸ್ ಅಂದ್ರ ಇದರ ಹೆಸರ, ಈ ವಾದ್ಯದ್ದ, ನಾ ಹೊಗಳಿಕೊಂಡದ್ದಲ್ಲ, ಗಿಟಾರನ್ನು ಚೀಲದಿಂದ ತೆಗೆದು ತೋರಿಸಿದೆ, ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಹೋಯಿತು, ಹೆಗಲು ಕುಣಿಯತೊಡಗಿದವು, ಇಪ್ಪತ್ತೆರಡು ವರ್ಷದ ಸೋಮವಾರಗಳು ಒಟ್ಟಿಗೆ ನಗೆಯಾಗಿ ಬರುತ್ತಿವೆ, ಅಯ್ಯ ನನ ಶಿವನ, ದೇವ್ರ ಕಡೆ ಎಷ್ಟ ಚಾಡಿ ಹೇಳೀನೋ ನಿಲ್ಯಾ ನಿನ್ನ ಮ್ಯಾಲೆ, ಕಣ್ಣೊರೆಸಿಕೊಂಡಳು, ಆಮೇಲೆ ಮುಖ ಬಿಗಿ ಮಾಡಿ, ಬಾರಸ ನೋಡೂಣು, ಬೇಸ್ ಐತೋ ಇಲ್ಲೋ ನಾ ಹೇಳ್ತೀನಿ.

ಕಾಕಾರ ದೊಡ್ಡ ಡಬ್ಬಿಯನ್ನು, ಎದೆಯೆತ್ತರದ ಸ್ಪೀಕರು, ಅವಿನಾಶ ಹಲಗೆಯ ಮೇಲೆ ಅವ್ವನ ಹತ್ತಿರ ಸರಿಸಿದ, ವೈರು ಚುಚ್ಚಿದೆ, ಏನು ಬಾರಿಸಲಿ, ಸಿನಿಮಾ ಹಾಡಿನ ಕೆಳಗಿನ ಸಾಲು ಬಾರಿಸಿದರೆ ಹಾಡಿಲ್ಲದೆ ಆಕೆಗೇನು ತಿಳಿದೀತು, ಕೈ ತಂತಿಯ ಮೇಲಿದೆ, ಮನಸ್ಸು ಕೌದಿಯೊಳಗಿದೆ, ಗೋಡೆಗೆ ಬೆನ್ನು ಕೊಟ್ಟು ಅಪ್ಪ, ಮತ್ತೆ ಬೆರಳು ತಾನಾಗಿ ಹೊರಟಿತು, ಹಾಡುವುದಲ್ಲ, ಹೇಳುವುದು, ಒಂದು ಮೆಟ್ಟಿಲು, ಎರಡು, ಮೂರು, ತಿರುಗಿ ಇಳಿದು, ನೆಲ ಮುಟ್ಟುವ ಮೊದಲು ಕೈ ಎತ್ತಿದೆ, ಕೊನೆಯ ಸ್ವರ ನನ್ನದಲ್ಲ, ಬಿಟ್ಟೆ. ಯಾರೂ ಹಿಡಿಯಲಿಲ್ಲ. ಅವಿನಾಶ ನನ್ನತ್ತ ನೋಡಿದ, ಮರೆತನೇನೋ ಅಂದುಕೊಂಡಿರಬೇಕು. ಎರಡನೇ ಸಾಲು, ಏರಿ, ಇಳಿದು, ಬಿಟ್ಟೆ, ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ, ನನ್ನ ತುಟಿ ನೋಡುತ್ತಿಲ್ಲ, ನೋಡಿದರೂ ತುಟಿಯಲ್ಲಿ ಏನಿಲ್ಲ, ಇದ್ದದ್ದೆಲ್ಲ ಹಲಗೆಯಲ್ಲಿದೆ, ಹಲಗೆಯಿಂದ ಅಂಗಾಲಿಗೆ, ಬರುತ್ತಿದೆಯೇ ಯವ್ವಾ, ತಲುಪುತ್ತಿದೆಯೇ, ಅಪ್ಪನಿಗೆ ಕೇಳಿಸದೇ ಹೋದದ್ದು ಇದೇ ನೋಡು, ಮೂರನೇ ಸಾಲು, ಮೆಲ್ಲಗೆ, ಒಂದು, ಎರಡು, ಮೂರು, ತಿರುಗಿ, ಇಳಿದು, ನೆಲದ ಹತ್ತಿರ, ಇನ್ನೂ ಹತ್ತಿರ, ಬಿಟ್ಟೆ — ಒಡೆಯಾ, ತಗ್ಗಿದ ದನಿ, ರೊಟ್ಟಿಯ ಹಿಟ್ಟು ಹತ್ತಿದ ದನಿ, ಸರಿಯಾಗಿ ಆ ಜಾಗದಲ್ಲಿ, ಒಂದು ಕೂದಲೆಳೆ ಆಚೆ ಈಚೆ ಇಲ್ಲದೆ, ನಾನು ನಾಲ್ಕನೇ ಸಾಲು ಹಿಡಿಯಬೇಕು, ಹಿಡಿಯಲಾರೆ, ನೋಡುತ್ತಿದ್ದೇನೆ, ಎಡಗಾಲು, ಎರಡನೇ ಬೆರಳು, ಬಿಳಿ ಪಟ್ಟಿ, ಎದ್ದಿದೆ, ಹಲಗೆಯಿಂದ ಎದ್ದು ನಿಂತಿದೆ ಬೆರಳು, ಬೆರಳು, ಉಂಗುರವಿಲ್ಲದ ಆ ಬೆರಳು, ಬೀಳುತ್ತಿದೆ —